ಹಚ್ಚಿದ್ದು ಕಾಣದಂತೆ ಫೌಂಡೇಶನ್ ಹಚ್ಚುವುದು ಹೇಗೆ: ಚರ್ಮ, ಬಣ್ಣ ಮತ್ತು ಬೆಳಕಿನ ಲೆಕ್ಕ

ಮೊದಲೆಲ್ಲ ರಂಗಭೂಮಿ, ಸಿನಿಮಾ ಮತ್ತು ಮದುಮಗಳ ಅಲಂಕಾರಕ್ಕೆ ಸೀಮಿತವಾಗಿದ್ದ ಫೌಂಡೇಶನ್ ಈಗ ಕಚೇರಿಗೆ ಹೋಗುವವರ, ವಿಡಿಯೊ ಕರೆಯಲ್ಲಿ ಸಂದರ್ಶನಕ್ಕೆ ಕುಳಿತುಕೊಳ್ಳುವವರ, ಕಾಲೇಜಿನ ಸಮಾರಂಭಕ್ಕೆ ಸಿದ್ಧರಾಗುವವರ ಕೈಗೂ ಬಂದಿದೆ. ಅಂಗಡಿಯಲ್ಲಿ ಕುಳಿತು ಹಚ್ಚಿ ನೋಡುವ ಬದಲು ಫೋನಿನ ಪರದೆಯ ಮೇಲೆ ಬಣ್ಣ ನೋಡಿ ತರಿಸಿಕೊಳ್ಳುವುದೂ ರೂಢಿಯಾಗಿದೆ. ತಂದ ಮೇಲೆ ಕೇಳಿಬರುವ ದೂರುಗಳು ಮಾತ್ರ ಬಹುತೇಕ ಒಂದೇ ಬಗೆಯವು. ಮುಖ ಬೂದು ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ, ಮುಖಕ್ಕೂ ಕುತ್ತಿಗೆಗೂ ಹೊಂದುವುದಿಲ್ಲ, ಹಚ್ಚಿದಾಗ ಸರಿಯಾಗಿದ್ದದ್ದು ಗಂಟೆಯೊಳಗೆ ಕಪ್ಪಾಗುತ್ತದೆ, ನಕ್ಕರೆ ಬಾಯಿಯ ಪಕ್ಕದ ಗೆರೆಗಳಲ್ಲಿ ಸೇರಿಕೊಂಡು ಬಿರುಕು ಬಿಡುತ್ತದೆ.

ಇವೆಲ್ಲವನ್ನೂ ಹಚ್ಚುವವರ ಕೈಯ ತಪ್ಪೆಂದು ತಳ್ಳಿಹಾಕುವಂತಿಲ್ಲ. ಪ್ರತಿಯೊಂದು ದೂರಿಗೂ ಚರ್ಮದ ರಚನೆಯಲ್ಲೋ, ಬಣ್ಣದ ಪುಡಿಯ ಸ್ವಭಾವದಲ್ಲೋ, ನೋಡುವ ಬೆಳಕಿನಲ್ಲೋ ಒಂದು ಕಾರಣವಿದೆ. ಆ ಕಾರಣಗಳು ಗೊತ್ತಾದರೆ ಯಾವುದನ್ನು ಕೊಳ್ಳಬೇಕು, ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚದೆ ಬಿಡಬೇಕು ಎಂಬುದನ್ನು ಓದುಗರು ತಾವೇ ನಿರ್ಧರಿಸಿಕೊಳ್ಳಬಹುದು.

ಸೀಸೆಯೊಳಗೆ ಇರುವುದೇನು

ಮುಖದ ಬಣ್ಣ ಸಮವಾಗಿ ಕಾಣಲೆಂದು ಚರ್ಮದ ಮೇಲೆ ಹಚ್ಚುವ ತೆಳುವಾದ ಬಣ್ಣದ ಲೇಪವೇ ಫೌಂಡೇಶನ್. ಅದರಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ: ಬಣ್ಣ ಕೊಡುವ ಪುಡಿಗಳು ಮತ್ತು ಅವುಗಳನ್ನು ಚರ್ಮದ ಮೇಲೆ ಹರಡಲು ನೆರವಾಗುವ ದ್ರವ.

ಬಣ್ಣದ ಪುಡಿಗಳು ಮುಖ್ಯವಾಗಿ ನಾಲ್ಕೇ. ಬಿಳಿ ಬಣ್ಣಕ್ಕೆ ಟೈಟಾನಿಯಂ ಡೈಆಕ್ಸೈಡ್. ಹಳದಿ, ಕೆಂಪು ಮತ್ತು ಕಪ್ಪು ಬಣ್ಣಗಳಿಗೆ ಕಬ್ಬಿಣದ ಮೂರು ಬಗೆಯ ಆಕ್ಸೈಡ್‌ಗಳು. ಅತಿ ತಿಳಿಯಾದ ಚರ್ಮದಿಂದ ಹಿಡಿದು ಗಾಢ ಕಪ್ಪು ಚರ್ಮದವರೆಗೆ ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಶೇಡ್‌ಗಳೂ ಈ ನಾಲ್ಕರ ಪ್ರಮಾಣವನ್ನು ಬದಲಿಸಿಯೇ ತಯಾರಾಗುತ್ತವೆ. ಯಕ್ಷಗಾನದ ಚೌಕಿಯ ಪರಿಚಯವಿರುವವರಿಗೆ ಈ ಬಣ್ಣಗಳ ಗುಂಪು ಹೊಸದೆನಿಸದು. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪುಗಳನ್ನು ಬಳಸಿ ವೇಷಧಾರಿಗಳು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುವುದರಿಂದ ಅವು ದಿನಬಳಕೆಗೆ ತಕ್ಕ ವಸ್ತುಗಳಲ್ಲ. ಇಂದಿನ ಫೌಂಡೇಶನ್‌ನಲ್ಲಿರುವ ಕಬ್ಬಿಣದ ಆಕ್ಸೈಡ್‌ಗಳನ್ನು ಪ್ರಸಾಧನಕ್ಕೆಂದೇ ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಲಾಗುತ್ತದೆ.

ದ್ರವದ ಭಾಗದಲ್ಲಿ ನೀರು, ಎಣ್ಣೆಯಂಥ ವಸ್ತುಗಳು ಮತ್ತು ಸಿಲಿಕೋನ್‌ಗಳು ಇರುತ್ತವೆ. ಕೆಲವು ಸಿಲಿಕೋನ್‌ಗಳು ಲೇಪ ನುಣುಪಾಗಿ ಜಾರುವಂತೆ ಮಾಡಿದರೆ, ಇನ್ನು ಕೆಲವು ಹಚ್ಚಿದ ಸ್ವಲ್ಪ ಹೊತ್ತಿನಲ್ಲಿ ಆವಿಯಾಗಿ ಹೋಗುತ್ತವೆ. ಆವಿಯಾದ ಮೇಲೆ ಉಳಿಯುವುದು ಬಣ್ಣದ ಪುಡಿಗಳನ್ನು ಹಿಡಿದಿಟ್ಟುಕೊಂಡ ತೆಳುವಾದ ಪದರ. ಈ ಪದರ ಕೂರುವ ಮೊದಲು ಅದನ್ನು ಹರಡಬಹುದು. ಕುಳಿತ ಮೇಲೆ ಉಜ್ಜಿದರೆ ಕಿತ್ತು ಬರುತ್ತದೆ. ಹಚ್ಚುವ ವಿಧಾನದ ಬಗ್ಗೆ ಮುಂದೆ ಹೇಳುವ ಹಲವು ಮಾತುಗಳಿಗೆ ಈ ಒಂದು ಗುಣವೇ ಆಧಾರ.

ಡಬ್ಬಿಯ ಮೇಲೆ ಕಾಣುವ ಎರಡು ಪದಗಳನ್ನು ಹಲವರು ಒಂದೇ ಎಂದು ತಿಳಿಯುತ್ತಾರೆ. ‘ಕವರೇಜ್’ ಎಂದರೆ ಲೇಪ ಕೆಳಗಿನ ಚರ್ಮವನ್ನು ಎಷ್ಟು ಮರೆಮಾಡುತ್ತದೆ ಎಂಬುದು; ಅದು ಬಣ್ಣದ ಪುಡಿ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ‘ಫಿನಿಶ್’ ಎಂದರೆ ಹಚ್ಚಿದ ಮೇಲ್ಮೈ ಎಷ್ಟು ಹೊಳೆಯುತ್ತದೆ ಎಂಬುದು. ಹೊಳಪಿಲ್ಲದ್ದು ಮ್ಯಾಟ್, ತೇವದ ಹೊಳಪಿರುವುದು ಡ್ಯೂಯಿ, ಇವೆರಡರ ನಡುವಿನದು ಸ್ಯಾಟಿನ್. ಮ್ಯಾಟ್ ಆದ ಮಾತ್ರಕ್ಕೆ ಅದು ಹೆಚ್ಚು ಮರೆಮಾಡುತ್ತದೆ ಎಂದಾಗಲಿ, ಹೊಳೆಯುವುದೆಲ್ಲ ತೆಳುವಾಗಿರುತ್ತದೆ ಎಂದಾಗಲಿ ಇಲ್ಲ.

ಚರ್ಮ ಗೋಡೆಯಲ್ಲ

ಸಹಜವಾಗಿ ಕಾಣುವುದು ಎಂದರೆ ಏನು ಎಂಬುದನ್ನು ತಿಳಿಯಲು ಬರಿಯ ಚರ್ಮ ಹೇಗೆ ಕಾಣುತ್ತದೆ ಎಂಬಲ್ಲಿಂದ ಆರಂಭಿಸಬೇಕು. ಮುಖದ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಮೇಲ್ಮೈಯಿಂದಲೇ ಮರಳುತ್ತದೆ. ನಾವು ಹೊಳಪು ಎಂದು ಗುರುತಿಸುವುದು ಅದನ್ನೇ. ಉಳಿದ ಬೆಳಕು ಚರ್ಮದೊಳಕ್ಕೆ ಇಳಿದು, ಅಲ್ಲಿ ಅತ್ತಿತ್ತ ಚದುರಿ, ಸ್ವಲ್ಪ ಪಾಲು ಒಳಗೇ ಹೀರಲ್ಪಟ್ಟು, ಮಿಕ್ಕದ್ದು ಹೊರಬರುತ್ತದೆ. ಒಳಗೆ ಬೆಳಕನ್ನು ಹೀರುವ ಮುಖ್ಯ ವಸ್ತುಗಳು ಎರಡು: ಮೇಲಿನ ಪದರದಲ್ಲಿರುವ ಕಂದು ಬಣ್ಣದ ಮೆಲನಿನ್ ಮತ್ತು ಅದರ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ಹರಿಯುವ ಕೆಂಪು ಹಿಮೊಗ್ಲೋಬಿನ್. ಹೊರಬರುವ ಬೆಳಕಿನಲ್ಲಿ ಇವೆರಡರ ಗುರುತು ಇರುತ್ತದೆ. ಚರ್ಮಕ್ಕೆ ಜೀವಕಳೆ ಕೊಡುವುದು ಈ ಒಳಗಿನಿಂದ ಬರುವ ಬೆಳಕು.

ಫೌಂಡೇಶನ್‌ನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದನ್ನು ಸೂಚಿಸುವ ಅಂಕಿಗೆ ವಕ್ರೀಭವನ ಸೂಚ್ಯಂಕ ಎಂದು ಹೆಸರು. ಚರ್ಮದಲ್ಲಿ ಅದು ಸುಮಾರು 1.4ರಿಂದ 1.5; ಟೈಟಾನಿಯಂ ಡೈಆಕ್ಸೈಡ್‌ನಲ್ಲಿ 2.5ಕ್ಕಿಂತ ಹೆಚ್ಚು. ಈ ಅಂತರ ಹೆಚ್ಚಾದಷ್ಟೂ ಕಣಗಳು ಬೆಳಕನ್ನು ಒಳಕ್ಕೆ ಬಿಡದೆ ಮೇಲೆಯೇ ಚದುರಿಸುತ್ತವೆ. ಕಲೆ ಮರೆಯಾಗುವುದು ಹೀಗೆಯೇ; ಮುಖ ಚಪ್ಪಟೆಯಾಗಿ, ಬಳಿದಂತೆ ಕಾಣುವುದೂ ಹೀಗೆಯೇ. ಲೇಪ ದಪ್ಪವಾದಷ್ಟೂ ಚರ್ಮದೊಳಗಿನಿಂದ ಬರುವ ಬೆಳಕು ಕಡಿಮೆಯಾಗುತ್ತದೆ.

ಆದ್ದರಿಂದ ಮರೆಮಾಡುವುದಕ್ಕೂ ಸಹಜವಾಗಿ ಕಾಣುವುದಕ್ಕೂ ನಡುವೆ ಒಂದು ಕೊಡುಕೊಳ್ಳುವಿಕೆ ಸದಾ ಇದ್ದೇ ಇರುತ್ತದೆ. ಯಾವ ಕಂಪನಿಯ, ಎಷ್ಟೇ ದುಬಾರಿಯ ಸೀಸೆಯೂ ಇದನ್ನು ಪೂರ್ತಿ ತಪ್ಪಿಸಲಾರದು. ಎಲ್ಲಿ ಮರೆಮಾಡುವ ಅಗತ್ಯವಿದೆಯೋ ಅಲ್ಲಿ ಮಾತ್ರ ಲೇಪವನ್ನು ಹೆಚ್ಚಿಸಿ, ಚರ್ಮ ತಾನಾಗಿಯೇ ಚೆನ್ನಾಗಿರುವ ಕಡೆ ಅದನ್ನು ಅತ್ಯಂತ ತೆಳುವಾಗಿಸುವುದು ಅಥವಾ ಹಚ್ಚದೆಯೇ ಬಿಡುವುದು ಉಳಿದಿರುವ ದಾರಿ.

ಶೇಡ್ ಆಯ್ಕೆ: ಗಾಢತೆ ಒಂದು, ಛಾಯೆ ಇನ್ನೊಂದು

ಶೇಡ್ ಎಂಬ ಒಂದೇ ಪದದಲ್ಲಿ ಎರಡು ವಿಷಯಗಳು ಸೇರಿವೆ. ಚರ್ಮ ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬುದು ಮೊದಲನೆಯದು. ಆ ಗಾಢತೆಯೊಳಗೆ ಯಾವ ಬಣ್ಣ ಮುಂದಾಗಿ ಕಾಣುತ್ತದೆ ಎಂಬುದು ಎರಡನೆಯದು. ಅದನ್ನೇ ಅಂಡರ್‌ಟೋನ್ ಎನ್ನುತ್ತಾರೆ. ಹಳದಿ ಅಥವಾ ಹೊಂಬಣ್ಣ ಮುಂದಾಗಿದ್ದರೆ ವಾರ್ಮ್, ಗುಲಾಬಿ ಅಥವಾ ನೀಲಿಗೆಂಪು ಮುಂದಾಗಿದ್ದರೆ ಕೂಲ್, ಎರಡೂ ಸಮನಾಗಿದ್ದರೆ ನ್ಯೂಟ್ರಲ್. ತುಸು ಹಸಿರು ಬೆರೆತಂತೆ ಕಾಣುವ ಆಲಿವ್ ಎಂಬ ನಾಲ್ಕನೆಯ ಬಗೆಯೂ ಇದೆ. ನಮ್ಮಲ್ಲಿ ಅದು ಅಪರೂಪವೇನಲ್ಲ, ಆದರೆ ಅದಕ್ಕೆ ತಕ್ಕ ಶೇಡ್ ಸಿಗುವುದು ಕಷ್ಟ. ಗೋಧಿ ಬಣ್ಣದ ಇಬ್ಬರು ಅಕ್ಕಪಕ್ಕ ನಿಂತಾಗ ಒಬ್ಬರಿಗೆ ಹೊಂದಿದ ಫೌಂಡೇಶನ್ ಇನ್ನೊಬ್ಬರ ಮುಖದ ಮೇಲೆ ಗುಲಾಬಿಯಾಗಿ ಕಾಣುವುದು ಅಂಡರ್‌ಟೋನ್ ಬೇರೆಯಾಗಿರುವುದರಿಂದ.

ಶೇಡ್‌ನ ಹೆಸರಿನಲ್ಲಿರುವ ಅಕ್ಷರಗಳು ಇದನ್ನೇ ಹೇಳುತ್ತವೆ: ಡಬ್ಲ್ಯು ಎಂದರೆ ವಾರ್ಮ್, ಸಿ ಎಂದರೆ ಕೂಲ್, ಎನ್ ಎಂದರೆ ನ್ಯೂಟ್ರಲ್. ಎಲ್ಲ ಕಂಪನಿಗಳೂ ಇದೇ ಕ್ರಮವನ್ನು ಪಾಲಿಸುವುದಿಲ್ಲ ಎಂಬುದನ್ನು ನೆನಪಿಡಬೇಕು. ಮ್ಯಾಕ್ ಕಂಪನಿಯ ಎನ್‌ಸಿ ಶೇಡ್‌ಗಳು ಹಳದಿ ಛಾಯೆಯ ಚರ್ಮಕ್ಕೆ, ಎನ್‌ಡಬ್ಲ್ಯು ಶೇಡ್‌ಗಳು ಗುಲಾಬಿ ಛಾಯೆಯ ಚರ್ಮಕ್ಕೆ ಮೀಸಲಾಗಿವೆ. ಅಕ್ಷರ ನೋಡಿ ಕೊಂಡವರಿಗೆ ಅದು ತಿರುವುಮುರುವಾಗಿ ತೋರುತ್ತದೆ.

ಮಣಿಕಟ್ಟಿನ ನರಗಳು ಹಸಿರಾಗಿ ಕಂಡರೆ ವಾರ್ಮ್, ನೀಲಿಯಾಗಿ ಕಂಡರೆ ಕೂಲ್ ಎಂಬ ಪರೀಕ್ಷೆ ಬಹಳ ಪ್ರಚಾರದಲ್ಲಿದೆ. ನರ ಯಾವ ಬಣ್ಣದಲ್ಲಿ ಕಾಣುತ್ತದೆ ಎಂಬುದು ಅದು ಎಷ್ಟು ಆಳದಲ್ಲಿದೆ, ಮೇಲಿನ ಚರ್ಮ ಎಷ್ಟು ದಪ್ಪವಾಗಿದೆ, ಅದರಲ್ಲಿ ಮೆಲನಿನ್ ಎಷ್ಟಿದೆ ಎಂಬುದನ್ನೂ ಅವಲಂಬಿಸಿರುತ್ತದೆ. ಎಣ್ಣೆಗೆಂಪು ಅಥವಾ ಅದಕ್ಕಿಂತ ಗಾಢವಾದ ಚರ್ಮದಲ್ಲಿ ನರಗಳು ಕಾಣದೆಯೂ ಇರಬಹುದು. ಹೀಗಾಗಿ ಈ ಪರೀಕ್ಷೆಯನ್ನು ನೆಚ್ಚಿಕೊಳ್ಳುವುದಕ್ಕಿಂತ ನೇರವಾಗಿ ಹಚ್ಚಿ ನೋಡುವುದೇ ಲೇಸು. ಹತ್ತಿರದ ಮೂರು ಶೇಡ್‌ಗಳನ್ನು ದವಡೆಯ ಅಂಚಿನಿಂದ ಕುತ್ತಿಗೆಯ ಕಡೆಗೆ ಇಳಿಯುವಂತೆ ಮೂರು ಸಣ್ಣ ಗೆರೆಗಳಾಗಿ ಹಚ್ಚಿ, ಸುಮಾರು ಅರ್ಧ ಗಂಟೆ ಬಿಟ್ಟು, ಕಿಟಕಿಯ ಬಳಿಯ ಹಗಲು ಬೆಳಕಿನಲ್ಲಿ ನೋಡಿದರೆ ಯಾವ ಗೆರೆ ಚರ್ಮದಲ್ಲಿ ಮರೆಯಾಗಿದೆಯೋ ಅದೇ ಸರಿಯಾದ ಶೇಡ್. ಕೈಯ ಹಿಂಭಾಗದ ಮೇಲೆ ನೋಡುವ ಅಂಗಡಿಯ ಪದ್ಧತಿಯಿಂದ ಪ್ರಯೋಜನ ಕಡಿಮೆ. ಕೈಗೆ ಬೀಳುವ ಬಿಸಿಲೇ ಬೇರೆ, ಮುಖಕ್ಕೆ ಬೀಳುವ ಬಿಸಿಲೇ ಬೇರೆ.

ಭಾರತೀಯರ ಮುಖಗಳಲ್ಲಿ ಇನ್ನೊಂದು ತೊಡಕಿದೆ. ಹಣೆ ಮತ್ತು ಬಾಯಿಯ ಸುತ್ತ ಚರ್ಮ ಗಾಢವಾಗಿಯೂ ಕೆನ್ನೆಯಲ್ಲಿ ತಿಳಿಯಾಗಿಯೂ ಇರುವುದು ಸಾಮಾನ್ಯ. ಕೆನ್ನೆಗೆ ಹೊಂದಿಸಿ ಕೊಂಡರೆ ಹಣೆ ಬೂದಾಗುತ್ತದೆ. ಹಣೆಗೆ ಹೊಂದಿಸಿದರೆ ಕೆನ್ನೆ ಮಂಕಾಗುತ್ತದೆ. ಇಂಥವರು ಕುತ್ತಿಗೆ ಮತ್ತು ಎದೆಯ ಮೇಲ್ಭಾಗದ ಬಣ್ಣವನ್ನು ಅಳತೆಗೋಲಾಗಿ ಇಟ್ಟುಕೊಂಡು, ಅಗತ್ಯವೆನಿಸಿದರೆ ಹಣೆಯ ಅಂಚಿಗೆ ಒಂದು ಹಂತ ಗಾಢವಾದ ಶೇಡ್ ಬಳಸುವುದು ಒಳ್ಳೆಯದು. ಎರಡು ಶೇಡ್ ಇಟ್ಟುಕೊಂಡರೆ ಬೇಸಗೆಯಲ್ಲಿ ಚರ್ಮ ಕಂದಿದಾಗ ಬೆರೆಸಿಕೊಳ್ಳಲೂ ಅನುಕೂಲ.

ಬೂದು ಬಣ್ಣದ ದೂರಿಗೆ ದೊಡ್ಡ ಕಾರಣವೆಂದರೆ ತಮ್ಮ ಚರ್ಮಕ್ಕಿಂತ ಒಂದೆರಡು ಹಂತ ತಿಳಿಯಾದ ಶೇಡ್ ಆರಿಸುವ ರೂಢಿ. ತಿಳಿ ಶೇಡ್‌ನಲ್ಲಿ ಬಿಳಿಯ ಪುಡಿ ಹೆಚ್ಚು. ಬೆಳಕನ್ನು ಚದುರಿಸುವ ಸಣ್ಣ ಬಿಳಿ ಕಣಗಳ ತೆಳು ಪದರವೊಂದು ಗಾಢ ಹಿನ್ನೆಲೆಯ ಮೇಲೆ ಕುಳಿತಾಗ, ನೀಲಿ ಬೆಳಕು ಹೆಚ್ಚಾಗಿ ಚದುರಿ ನಮ್ಮ ಕಣ್ಣಿಗೆ ಮರಳುತ್ತದೆ, ಉಳಿದದ್ದನ್ನು ಕೆಳಗಿನ ಗಾಢ ಚರ್ಮ ಹೀರಿಕೊಳ್ಳುತ್ತದೆ. ಪರಿಣಾಮವಾಗಿ ಮುಖ ಬೆಳ್ಳಗಾಗುವ ಬದಲು ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ. ಫೌಂಡೇಶನ್ ಮುಖವನ್ನು ಬೆಳ್ಳಗೆ ಮಾಡುವ ವಸ್ತುವಲ್ಲ. ಆ ಆಸೆಯಿಂದ ಹಚ್ಚಿದಾಗಲೇ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಇದರಲ್ಲಿ ಕೊಳ್ಳುವವರ ಹೊಣೆಯಷ್ಟೇ ಇಲ್ಲ. ಬಹಳ ಕಾಲ ಗಾಢ ಚರ್ಮಕ್ಕೆ ಸರಿಹೊಂದುವ ಶೇಡ್‌ಗಳೇ ಮಾರುಕಟ್ಟೆಯಲ್ಲಿ ಕಡಿಮೆ ಇದ್ದವು. 2017ರಲ್ಲಿ ಗಾಯಕಿ ರಿಯಾನಾ ಆರಂಭಿಸಿದ ಫೆಂಟಿ ಬ್ಯೂಟಿ ಒಂದೇ ಬಾರಿಗೆ 40 ಶೇಡ್‌ಗಳನ್ನು ತಂದ ಮೇಲೆ ಉಳಿದ ಕಂಪನಿಗಳೂ ತಮ್ಮ ಸಾಲನ್ನು ಹಿಗ್ಗಿಸತೊಡಗಿದವು. ನಮ್ಮಲ್ಲೂ ಈಗ ಗಾಢ ಮತ್ತು ಹೊಂಬಣ್ಣದ ಶೇಡ್‌ಗಳು ಮೊದಲಿಗಿಂತ ಸುಲಭವಾಗಿ ಸಿಗುತ್ತವೆ.

ಅರ್ಧ ಗಂಟೆಯಲ್ಲಿ ಕಪ್ಪಾಗುವುದೇಕೆ

ಹಚ್ಚಿದ ಸ್ವಲ್ಪ ಹೊತ್ತಿಗೆ ಫೌಂಡೇಶನ್ ಗಾಢವಾಗುವುದನ್ನು ಬಳಕೆದಾರರು ‘ಆಕ್ಸಿಡೈಸ್ ಆಯಿತು’ ಎನ್ನುತ್ತಾರೆ. ಆದರೆ ಅದರಲ್ಲಿರುವ ಬಣ್ಣದ ಪುಡಿಗಳು ಮೊದಲೇ ಆಕ್ಸಿಜನ್ ಜೊತೆ ಸೇರಿದ ಸಂಯುಕ್ತಗಳು. ಗಾಳಿ ತಾಗಿ ಅರ್ಧ ಗಂಟೆಯಲ್ಲಿ ಅವು ಬಣ್ಣ ಬದಲಿಸಿಬಿಡುತ್ತವೆ ಎನ್ನುವುದಕ್ಕಿಂತ ಹೆಚ್ಚು ಒಪ್ಪುವ ಎರಡು ಕಾರಣಗಳಿವೆ. ಆವಿಯಾಗುವ ದ್ರವ ಹಾರಿಹೋದ ಮೇಲೆ ಪುಡಿಗಳು ಒತ್ತೊತ್ತಾಗಿ ಕೂರುವುದು ಮೊದಲ ಕಾರಣ. ಚರ್ಮದಿಂದ ಹೊರಬರುವ ಜಿಡ್ಡು ಪುಡಿಯ ಕಣಗಳ ನಡುವಿನ ಗಾಳಿಯ ಜಾಗವನ್ನು ತುಂಬುವುದು ಎರಡನೆಯದು. ಒಣಗಿದ ಹೊಲದ ಮಣ್ಣು ಮೊದಲ ಮಳೆಗೆ ನೆನೆದಾಗ ಕಪ್ಪಾಗಿ ಕಾಣುವುದನ್ನು ನೋಡಿದ್ದೇವೆ. ಅಲ್ಲಿ ಮಣ್ಣಿನ ಬಣ್ಣ ಬದಲಾಗಿಲ್ಲ. ಕಣಗಳ ನಡುವೆ ಗಾಳಿಯ ಬದಲು ನೀರು ಬಂದದ್ದರಿಂದ ಬೆಳಕು ಮೇಲೆಯೇ ಚದುರುವುದು ಕಡಿಮೆಯಾಗಿ, ಒಳಗೆ ಹೀರಿಕೊಳ್ಳುವುದು ಹೆಚ್ಚಾಗಿದೆ. ಜಿಡ್ಡಿನಲ್ಲಿ ನೆನೆದ ಫೌಂಡೇಶನ್‌ಗೂ ಆಗುವುದು ಇದೇ.

ಆದಕಾರಣ ಜಿಡ್ಡಿನ ಚರ್ಮದವರಲ್ಲಿ ಈ ತೊಂದರೆ ಹೆಚ್ಚು. ಕೊಳ್ಳುವ ಮೊದಲು ಅರ್ಧ ಗಂಟೆ ಕಾದು ನೋಡಬೇಕೆಂದು ಮೇಲೆ ಹೇಳಿದ್ದು ಈ ಕಾರಣಕ್ಕೇ. ಹಚ್ಚುವ ಮೊದಲು ಮೂಗು ಮತ್ತು ಹಣೆಯ ಜಿಡ್ಡನ್ನು ಟಿಶ್ಯೂ ಕಾಗದದಿಂದ ಒತ್ತಿ ತೆಗೆಯುವುದು, ಎಣ್ಣೆಯ ಅಂಶ ಕಡಿಮೆಯಿರುವ ಫೌಂಡೇಶನ್ ಆರಿಸುವುದು ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ.

ಯಾವ ಬೆಳಕಿನಲ್ಲಿ ನೋಡಬೇಕು

ಎರಡು ಬಣ್ಣಗಳು ಒಂದು ದೀಪದ ಕೆಳಗೆ ಒಂದೇ ಎಂದು ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣುವುದುಂಟು. ಸೀರೆಗೆ ರವಿಕೆಯ ಬಟ್ಟೆ ಹೊಂದಿಸುವವರು ಅಂಗಡಿಯ ಹೊರಗೆ ಬಂದು ನೋಡುವುದು ಇದಕ್ಕಾಗಿಯೇ. ಚರ್ಮದ ಬಣ್ಣ ಮೆಲನಿನ್ ಮತ್ತು ರಕ್ತದಿಂದ ಬಂದದ್ದು, ಫೌಂಡೇಶನ್‌ನ ಬಣ್ಣ ಕಬ್ಬಿಣದ ಆಕ್ಸೈಡ್‌ಗಳಿಂದ ಬಂದದ್ದು. ಮೂಲವಸ್ತುಗಳು ಬೇರೆಯಾದ್ದರಿಂದ ಒಂದು ಬೆಳಕಿನಲ್ಲಿ ಅವು ಹೊಂದಿಕೊಂಡರೂ ಎಲ್ಲ ಬೆಳಕಿನಲ್ಲೂ ಹೊಂದಲೇಬೇಕೆಂದಿಲ್ಲ.

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. ಮನೆಯ ಹಳದಿ ಬೆಳಕಿನ ದೀಪ 2700ರಿಂದ 3000 ಕೆಲ್ವಿನ್ ಇದ್ದರೆ, ನಡುಹಗಲಿನ ಬೆಳಕು 5500ರಿಂದ 6500 ಕೆಲ್ವಿನ್ ಆಸುಪಾಸಿನಲ್ಲಿರುತ್ತದೆ. ಹಳದಿ ದೀಪದ ಕೆಳಗೆ ಮುಖದ ಕೆಂಪು ಮತ್ತು ಹಳದಿ ಛಾಯೆಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಲೇಪದ ಅಂಚೂ ಎದ್ದು ಕಾಣುವುದಿಲ್ಲ. ಕಲ್ಯಾಣ ಮಂಟಪದ ಕೋಣೆಯಲ್ಲಿ ಸರಿಯೆನಿಸಿದ ಅಲಂಕಾರ ಹೊರಗಿನ ಚಪ್ಪರದಲ್ಲಿ ದಪ್ಪವಾಗಿ ಕಾಣುವುದು ಇದರಿಂದ. ನೇರ ಬಿಸಿಲು ಬೀಳದ ಕಿಟಕಿಗೆ ಎದುರಾಗಿ, ಎರಡೂ ಕೆನ್ನೆಗಳ ಮೇಲೆ ಬೆಳಕು ಸಮವಾಗಿ ಬೀಳುವಂತೆ ಕುಳಿತು ಹಚ್ಚುವುದು ಎಲ್ಲಕ್ಕಿಂತ ಸುರಕ್ಷಿತ. ಬೆಳಗಿನ ಜಾವದ ಮುಹೂರ್ತಕ್ಕೆ ಅಲಂಕರಿಸಿಕೊಳ್ಳುವವರು ಹಗಲು ಬೆಳಕಿನ ಬಣ್ಣ ಕೊಡುವ ಎಲ್‌ಇಡಿ ದೀಪವನ್ನು ಕನ್ನಡಿಯ ಎರಡು ಬದಿಗೂ ಇಟ್ಟುಕೊಳ್ಳಬಹುದು.

ಹಚ್ಚುವ ಮೊದಲಿನ ಹತ್ತು ನಿಮಿಷ

ಫೌಂಡೇಶನ್ ಚರ್ಮದ ಏರುತಗ್ಗುಗಳನ್ನು ಅಳಿಸುವುದಿಲ್ಲ, ಬಣ್ಣದ ವ್ಯತ್ಯಾಸವನ್ನು ಮಾತ್ರ ಮರೆಸುತ್ತದೆ. ಒಣಗಿ ಎದ್ದ ಹೊಪ್ಪಳೆಗಳಿಗೆ ಬಣ್ಣದ ಪುಡಿ ಅಂಟಿಕೊಂಡರೆ ಅವು ಇನ್ನಷ್ಟು ಎದ್ದು ಕಾಣುತ್ತವೆ. ಮುಖ ತೊಳೆದು, ಇನ್ನೂ ತುಸು ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ, ಅನಂತರ ಸನ್‌ಸ್ಕ್ರೀನ್ ಹಚ್ಚಿ, ಐದರಿಂದ ಹತ್ತು ನಿಮಿಷ ಬಿಡಬೇಕು. ಈ ಬಿಡುವು ಕೊಡದೆ ಒಂದರ ಮೇಲೊಂದು ಹಚ್ಚುತ್ತ ಹೋದರೆ ಇನ್ನೂ ಕೂರದ ಕೆಳಗಿನ ಪದರ ಬೆರಳಿನ ಒತ್ತಡಕ್ಕೆ ಸಣ್ಣ ಸಣ್ಣ ಉಂಡೆಗಳಾಗಿ ಎದ್ದು ಉದುರುತ್ತದೆ. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿರುವವರು ಅದನ್ನು ಹಿಂದಿನ ರಾತ್ರಿಗೆ ಇಟ್ಟುಕೊಳ್ಳುವುದು ಮೇಲು; ಚರ್ಮದ ಮೇಲೆ ಉಳಿದ ಎಣ್ಣೆಯ ಮೇಲೆ ಲೇಪ ಹಿಡಿತ ಸಿಗದೆ ಜಾರುತ್ತದೆ.

ಪ್ರೈಮರ್ ಎಂಬುದು ರಂಧ್ರಗಳ ತಗ್ಗನ್ನು ತುಂಬಿ ಮೇಲ್ಮೈಯನ್ನು ನುಣುಪಾಗಿಸುವ ಪದರ. ಅದು ಎಲ್ಲರಿಗೂ ಅನಿವಾರ್ಯವಲ್ಲ. ಮೂಗಿನ ಪಕ್ಕದಲ್ಲಿ ರಂಧ್ರಗಳು ದೊಡ್ಡದಾಗಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಹಚ್ಚಿದರೆ ಸಾಕು.

ಕಡಿಮೆಯಿಂದ ಆರಂಭ, ಮಧ್ಯದಿಂದ ಹೊರಕ್ಕೆ

ಮೊದಲಿಗೆ ಬಟಾಣಿ ಗಾತ್ರದಷ್ಟು ಫೌಂಡೇಶನನ್ನು ಕೈಯ ಹಿಂಭಾಗಕ್ಕೆ ತೆಗೆದುಕೊಳ್ಳಬೇಕು. ಅನೇಕರ ಮುಖಕ್ಕೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಮತ್ತೆ ತೆಗೆದುಕೊಳ್ಳಬಹುದು, ಆದರೆ ಹೆಚ್ಚಾದದ್ದನ್ನು ಮುಖದ ಮೇಲಿನಿಂದ ತೆಗೆಯುವುದು ಕಷ್ಟ. ಬಣ್ಣದ ಏರುಪೇರು ಹೆಚ್ಚಿರುವುದು ಸಾಮಾನ್ಯವಾಗಿ ಮುಖದ ಮಧ್ಯಭಾಗದಲ್ಲಿ, ಅಂದರೆ ಮೂಗಿನ ಎರಡು ಬದಿ, ಬಾಯಿಯ ಸುತ್ತ ಮತ್ತು ಗದ್ದದ ಮೇಲೆ. ಅಲ್ಲಿಂದ ಆರಂಭಿಸಿ ಹೊರಕ್ಕೆ ಹರಡುತ್ತ ಹೋದರೆ ಕೂದಲಿನ ಅಂಚು ಮತ್ತು ದವಡೆಯ ಹತ್ತಿರ ಬರುವಷ್ಟರಲ್ಲಿ ಲೇಪ ತಾನಾಗಿಯೇ ತೆಳುವಾಗಿ ಮುಗಿಯುತ್ತದೆ, ಗೆರೆ ಉಳಿಯುವುದಿಲ್ಲ. ಇಡೀ ಮುಖಕ್ಕೆ ಚುಕ್ಕೆ ಇಟ್ಟುಕೊಂಡು ಅನಂತರ ಹರಡುವ ಪದ್ಧತಿಯಲ್ಲಿ ಕೊನೆಯ ಚುಕ್ಕೆಯ ಬಳಿಗೆ ಬರುವಷ್ಟರಲ್ಲಿ ಅದು ಆಗಲೇ ಕುಳಿತಿರುತ್ತದೆ. ಒಂದು ಭಾಗ ಮುಗಿಸಿ ಮತ್ತೊಂದಕ್ಕೆ ಹೋಗುವುದು ಒಳ್ಳೆಯದು.

ಉಜ್ಜುವುದಕ್ಕಿಂತ ಒತ್ತುವುದು ಮುಖ್ಯ. ಉಜ್ಜಿದಾಗ ಆಗತಾನೇ ಕೂರುತ್ತಿರುವ ಪದರ ಎಳೆದಂತಾಗಿ ಗೆರೆಗಳು ಉಳಿಯುತ್ತವೆ, ಕೆಳಗಿನ ಸನ್‌ಸ್ಕ್ರೀನ್ ಕೂಡ ಜಾಗ ಬಿಟ್ಟು ಹೋಗುತ್ತದೆ. ಒತ್ತಿದಾಗ ಲೇಪ ಇದ್ದ ಜಾಗದಲ್ಲೇ ತೆಳುವಾಗುತ್ತದೆ.

ಇದಕ್ಕೆ ಬಳಸುವ ಸಾಧನಗಳು ಮೂರು. ಬೆರಳಿನ ಬಿಸುಪಿಗೆ ಲೇಪ ಸಡಿಲವಾಗಿ ಚರ್ಮಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಟಿಂಟ್, ಬಿಬಿ ಕ್ರೀಮ್ ಎಂಬ ಹೆಸರಿನ ತೆಳುವಾದ ಲೇಪಗಳಿಗೆ ಬೆರಳೇ ಸಾಕು. ಬ್ರಶ್ ಕಡಿಮೆ ವಸ್ತುವಿನಲ್ಲಿ ಹೆಚ್ಚು ಮರೆಮಾಡುತ್ತದೆ, ಆದರೆ ಕೂದಲಿನ ಗೆರೆ ಬಿಡುವ ಸಂಭವವೂ ಇದೆ. ತತ್ತಿಯಾಕಾರದ ಸ್ಪಂಜನ್ನು ಅಮೆರಿಕದ ಮೇಕಪ್ ಕಲಾವಿದೆ ರೇ ಆ್ಯನ್ ಸಿಲ್ವಾ ಜನಪ್ರಿಯಗೊಳಿಸಿದರು. ಚರ್ಮದ ಸಣ್ಣ ವಿವರವನ್ನೂ ತೋರಿಸುವ ಎಚ್‌ಡಿ ಟಿವಿ ಕ್ಯಾಮೆರಾಗಳ ಮುಂದೆ ಲೇಪ ಕಾಣದಂತೆ ಹಚ್ಚುವ ಅಗತ್ಯದಿಂದ ಅದು ಹುಟ್ಟಿತು. ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಗಟ್ಟಿಯಾಗಿ ಹಿಂಡಿ, ತೇವ ಮಾತ್ರ ಉಳಿಸಿಕೊಂಡು ಬಳಸಬೇಕು. ಸ್ಪಂಜಿನ ರಂಧ್ರಗಳಲ್ಲಿ ಆಗಲೇ ನೀರಿನಂಶ ಇರುವುದರಿಂದ ಅದು ಫೌಂಡೇಶನನ್ನು ಕಡಿಮೆ ಹೀರುತ್ತದೆ, ಹೆಚ್ಚಾದದ್ದನ್ನು ಮಾತ್ರ ಎತ್ತಿಕೊಳ್ಳುತ್ತದೆ. ತೇವದ ಸ್ಪಂಜಿನಿಂದ ಹಚ್ಚುವುದು ಇತ್ತೀಚಿನ ಉಪಾಯವೇನಲ್ಲ. 1930ರ ದಶಕದ ಕೊನೆಯಲ್ಲಿ ಹಾಲಿವುಡ್‌ನ ಟೆಕ್ನಿಕಲರ್ ಚಿತ್ರಗಳಿಗಾಗಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ತಂದ ‘ಪ್ಯಾನ್-ಕೇಕ್’ ಮೇಕಪ್ಪನ್ನೂ ಒದ್ದೆ ಸ್ಪಂಜಿನಿಂದಲೇ ಹಚ್ಚುತ್ತಿದ್ದರು.

ಕೊನೆಯ ಕೆಲವು ಒತ್ತುಗಳು ಮೇಲಿನಿಂದ ಕೆಳಕ್ಕೆ ಇರಲಿ. ಮುಖದ ಮೇಲಿನ ನವಿರು ಕೂದಲುಗಳು ಹೆಚ್ಚಾಗಿ ಕೆಳಮುಖವಾಗಿ ಬೆಳೆದಿರುತ್ತವೆ; ಎದುರು ದಿಕ್ಕಿಗೆ ಹಚ್ಚಿದರೆ ಅವು ಎದ್ದು, ಬಣ್ಣ ಹಿಡಿದು ಕಾಣತೊಡಗುತ್ತವೆ. ಕುತ್ತಿಗೆಗೆ ಬೇರೆಯಾಗಿ ಹಚ್ಚುವ ಬದಲು ಸ್ಪಂಜಿನಲ್ಲಿ ಉಳಿದಷ್ಟನ್ನೇ ದವಡೆಯ ಕೆಳಗೆ ಇಳಿಸಿದರೆ ಸಾಕು. ಕುತ್ತಿಗೆಗೆ ದಪ್ಪವಾಗಿ ಹಚ್ಚಿದ್ದು ಕುಪ್ಪಸದ ಅಂಚಿಗೂ ಸರಕ್ಕೂ ಅಂಟುತ್ತದೆ. ಕೂದಲನ್ನು ಹಿಂದಕ್ಕೆ ಎತ್ತಿ ತುರುಬು ಕಟ್ಟುವವರು ಕಿವಿಗಳ ಬಣ್ಣವೂ ಮುಖಕ್ಕೆ ಹೊಂದುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಇಷ್ಟಾದ ಮೇಲೂ ಉಳಿಯುವ ಮೊಡವೆಯ ಕಲೆಗಳಿಗೆ, ಬಂಗಿನ ಮಚ್ಚೆಗಳಿಗೆ ಇಡೀ ಮುಖದ ಲೇಪವನ್ನು ದಪ್ಪ ಮಾಡಬೇಕಿಲ್ಲ. ಬಣ್ಣದ ಪುಡಿ ಹೆಚ್ಚಿರುವ ಕನ್ಸೀಲರನ್ನು ಸಣ್ಣ ಬ್ರಶ್‌ನಿಂದ ಕಲೆಯ ಮೇಲಷ್ಟೇ ಇಟ್ಟು, ಅಂಚನ್ನು ಮಾತ್ರ ಬೆರಳಿನಿಂದ ತಟ್ಟಿ ಬೆರೆಸಬೇಕು. ಕಣ್ಣಿನ ಕೆಳಗಿನ ನೀಲಿ ಮಿಶ್ರಿತ ಕಪ್ಪಿಗೆ ತಿಳಿ ಬಣ್ಣದ ಕನ್ಸೀಲರ್ ಹಚ್ಚಿದರೆ ಮೇಲೆ ಹೇಳಿದ ಕಾರಣಕ್ಕೇ ಅದು ಬೂದಾಗುತ್ತದೆ. ನೀಲಿಗೆ ಎದುರಾದ ಬಣ್ಣ ಕಿತ್ತಳೆ; ಕಿತ್ತಳೆ ಛಾಯೆಯ ಕರೆಕ್ಟರನ್ನು ಬಹಳ ತೆಳುವಾಗಿ ಮೊದಲು ಹಚ್ಚಿದರೆ ನೀಲಿ ತಗ್ಗುತ್ತದೆ, ಆಮೇಲೆ ಕನ್ಸೀಲರ್ ಸ್ವಲ್ಪವೇ ಸಾಕಾಗುತ್ತದೆ.

ಮುಖದ ಬಣ್ಣವನ್ನೆಲ್ಲ ಒಂದೇ ಸಮ ಮಾಡಿದಾಗ ರಕ್ತದ ಸಹಜ ಕೆಂಪೂ ಮುಚ್ಚಿಹೋಗಿರುತ್ತದೆ. ಕೆನ್ನೆಗೆ ತುಸು ಬ್ಲಶ್ ಹಚ್ಚುವುದು ಆ ಕೆಂಪನ್ನು ಮರಳಿ ತರುವುದಕ್ಕಾಗಿ. ಫೌಂಡೇಶನ್ ಹಚ್ಚಿದ ಕೂಡಲೇ ಮುಖ ಕಳೆಗುಂದಿದಂತೆ ಕಂಡರೆ ಶೇಡ್ ತಪ್ಪಿದೆ ಎಂದು ತೀರ್ಮಾನಿಸುವ ಮೊದಲು ಇದನ್ನು ಮಾಡಿ ನೋಡಬೇಕು.

ಪೌಡರ್, ಬೆವರು ಮತ್ತು ಹವೆ

ನಗುವ, ಮಾತಾಡುವ ಗೆರೆಗಳಲ್ಲಿ ಸೇರಿಕೊಂಡದ್ದನ್ನು ಪೌಡರ್ ಹಾಕುವ ಮೊದಲೇ ಬೆರಳಿನಿಂದ ಒತ್ತಿ ಸಮ ಮಾಡಬೇಕು. ಪೌಡರ್ ಬಿದ್ದ ಮೇಲೆ ಅದು ಅಲ್ಲೇ ಗಟ್ಟಿಯಾಗುತ್ತದೆ. ಸೆಟಿಂಗ್ ಪೌಡರ್‌ನಲ್ಲಿರುವ ಸಿಲಿಕಾ, ಟಾಲ್ಕ್ ಮೊದಲಾದವು ಜಿಡ್ಡನ್ನು ಹೀರಿ ಹೊಳಪನ್ನು ತಗ್ಗಿಸುತ್ತವೆ. ಹಣೆ, ಮೂಗು, ಗದ್ದಗಳಿಗೆ ಮಾತ್ರ ಅದರ ಅಗತ್ಯವಿರುತ್ತದೆ. ಕೆನ್ನೆಯ ಮೇಲೂ ಹಾಕಿದರೆ ಚರ್ಮದ ಸಹಜ ಹೊಳಪು ಇಲ್ಲದಾಗಿ ಮುಖ ಒಣಗಿದಂತಾಗುತ್ತದೆ.

ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಅದು ಲೇಪದ ಕೆಳಗಿನಿಂದ ಒಸರಿ ಪದರವನ್ನು ಎತ್ತುತ್ತದೆ. ಅಲ್ಲಿ ಲೇಪ ದಪ್ಪವಾದಷ್ಟೂ ಬೇಗ ಒಡೆದು ಕಾಣುತ್ತದೆ. ಬೆವರನ್ನು ಒರೆಸದೆ ಟಿಶ್ಯೂ ಒತ್ತಿ ತೆಗೆಯಬೇಕು. ಚಳಿಗಾಲದ ಒಣಹವೆಯಲ್ಲಿ, ಇಲ್ಲವೇ ದಿನವಿಡೀ ಎಸಿಯಲ್ಲಿ ಕುಳಿತಾಗ ಸಮಸ್ಯೆ ತದ್ವಿರುದ್ಧ: ಚರ್ಮದ ನೀರಿನಂಶ ಆರಿ, ಮ್ಯಾಟ್ ಫೌಂಡೇಶನ್ ಬಿರುಕು ಬಿಡುತ್ತದೆ. ಒಂದೇ ಸೀಸೆ ವರ್ಷವಿಡೀ ಒಂದೇ ರೀತಿ ಕಾಣಬೇಕೆಂದು ನಿರೀಕ್ಷಿಸುವಂತಿಲ್ಲ.

ಫೋಟೊದಲ್ಲಿ ಮುಖ ಮಾತ್ರ ಬೆಳ್ಳಗೆ

ಕಣ್ಣಿಗೆ ಸರಿಯಾಗಿಯೇ ಕಂಡ ಮುಖ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಕುತ್ತಿಗೆಗಿಂತ ಬೆಳ್ಳಗೆ ಬರುವುದುಂಟು. ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಾಗೂ ಬಣ್ಣವಿಲ್ಲದ ಸಿಲಿಕಾ ಪೌಡರ್‌ಗಳು ಎದುರಿನಿಂದ ಬಂದ ತೀಕ್ಷ್ಣ ಬೆಳಕನ್ನು ಕ್ಯಾಮೆರಾದ ಕಡೆಗೇ ಚದುರಿಸುವುದು ಇದಕ್ಕೆ ಕಾರಣ. ಸಮಾರಂಭದ ದಿನ ಹೊಸ ವಸ್ತುವನ್ನು ಬಳಸುವ ಬದಲು, ಕೆಲವು ದಿನ ಮೊದಲೇ ಹಚ್ಚಿಕೊಂಡು, ಮಂದ ಬೆಳಕಿನ ಕೋಣೆಯಲ್ಲಿ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಎಸ್‌ಪಿಎಫ್ ಇದ್ದರೂ ಸನ್‌ಸ್ಕ್ರೀನ್ ಬೇಕೇ

ಬೇಕು. ಕೆಲವು ಫೌಂಡೇಶನ್ ಡಬ್ಬಿಗಳ ಮೇಲಿರುವ ಎಸ್‌ಪಿಎಫ್ ಎಂಬುದು ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆ ಎಂಬುದನ್ನು ಸೂಚಿಸುವ ಅಂಕಿ. ಅದನ್ನು ಪರೀಕ್ಷಿಸುವಾಗ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಚ್ಚಿರುತ್ತಾರೆ. ಸಹಜವಾಗಿ ಕಾಣುವಂತೆ ಯಾರೂ ಅಷ್ಟು ದಪ್ಪವಾಗಿ ಫೌಂಡೇಶನ್ ಹಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲಿರುವಷ್ಟು ರಕ್ಷಣೆ ಅದರಿಂದ ಸಿಗದು. ಒಂದು ಲಾಭ ಮಾತ್ರ ಇದೆ. ಬಂಗು ಹೆಚ್ಚಾಗಲು ಅತಿನೇರಳೆ ಕಿರಣಗಳ ಜೊತೆಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣವಾಗುತ್ತದೆ. ಕಬ್ಬಿಣದ ಆಕ್ಸೈಡ್‌ಗಳು ಆ ಬೆಳಕನ್ನು ಒಂದು ಮಟ್ಟಿಗೆ ತಡೆಯುತ್ತವೆ. ಬಂಗು ಇರುವವರಿಗೆ ಬಣ್ಣ ಬೆರೆತ ಸನ್‌ಸ್ಕ್ರೀನನ್ನು ಚರ್ಮರೋಗ ತಜ್ಞರು ಸೂಚಿಸುವುದು ಇದೇ ಕಾರಣಕ್ಕೆ.

ತೆಗೆಯುವುದು ಮತ್ತು ಇಟ್ಟುಕೊಳ್ಳುವುದು

ಸಿಲಿಕೋನ್ ಮತ್ತು ಎಣ್ಣೆಯ ಅಂಶವಿರುವ ಪದರ ಬರಿಯ ನೀರಿಗೆ ಬಿಡುವುದಿಲ್ಲ. ಮೊದಲು ಕ್ಲೆನ್ಸಿಂಗ್ ಎಣ್ಣೆ, ಬಾಮ್ ಅಥವಾ ಮೈಸೆಲ್ಲಾರ್ ನೀರಿನಿಂದ ಅದನ್ನು ಸಡಿಲಿಸಿ, ಅನಂತರ ಫೇಸ್‌ವಾಶ್‌ನಿಂದ ತೊಳೆಯಬೇಕು. ಒದ್ದೆ ಸ್ಪಂಜನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಅದರಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪ್ರತಿ ಬಳಕೆಯ ನಂತರ ಸೋಪಿನಲ್ಲಿ ತೊಳೆದು ಗಾಳಿಯಾಡುವ ಕಡೆ ಒಣಗಿಸಬೇಕು. ಸೀಸೆಯ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ ಎಂದಿದ್ದರೆ, ತೆರೆದ ಮೇಲೆ 12 ತಿಂಗಳು ಬಳಸಬಹುದೆಂದು ಅರ್ಥ. ಅದಕ್ಕೂ ಮೊದಲೇ ವಾಸನೆ ಬದಲಾದರೆ, ಅಥವಾ ಅಲುಗಾಡಿಸಿದರೂ ಎಣ್ಣೆ ಬೇರೆಯಾಗಿಯೇ ನಿಂತರೆ ಅದನ್ನು ಬಿಡಬೇಕು.

ಹೊಸ ಫೌಂಡೇಶನನ್ನು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದೆರಡು ದಿನ ಗಮನಿಸಿ ಆಮೇಲೆ ಮುಖಕ್ಕೆ ಹಚ್ಚುವುದು ಸುರಕ್ಷಿತ. ತುರಿಕೆ, ಉರಿ, ಕೆಂಪು ಗಂದೆಗಳು ಕಂಡರೆ ಅದನ್ನು ಬಳಸುವುದನ್ನು ನಿಲ್ಲಿಸಿ, ಎರಡು ದಿನಗಳಲ್ಲಿ ಇಳಿಯದಿದ್ದರೆ ಆ ಡಬ್ಬಿಯನ್ನೂ ಜೊತೆಗೆ ಒಯ್ದು ಚರ್ಮರೋಗ ತಜ್ಞರಿಗೆ ತೋರಿಸಬೇಕು; ಅದರ ಮೇಲೆ ಮುದ್ರಿಸಿರುವ ಘಟಕಗಳ ಪಟ್ಟಿಯಿಂದ ಯಾವ ವಸ್ತು ಒಗ್ಗಲಿಲ್ಲ ಎಂಬುದನ್ನು ಪತ್ತೆಹಚ್ಚಲು ಅವರಿಗೆ ಸುಲಭವಾಗುತ್ತದೆ.